ಕೊನೆಯ ಪುಟಗಳ ಎರಡು ಪಟ್ಟಿಗಳು

ಲೂಯಿಸ್ ಹೇ ಅವರ ‘ಯು ಕ್ಯಾನ್ ಹೀಲ್ ಯುವರ್ ಲೈಫ್’ ಪುಸ್ತಕವನ್ನು ಮೊದಲ ಪುಟದಿಂದ ಓದಿದವರಿಗಿಂತ ಕೊನೆಯಿಂದ ತೆರೆದವರೇ ಹೆಚ್ಚು ಎಂದು ನನ್ನ ಅನುಮಾನ. ಕೊನೆಯ ಕಡೆಗೆ ಅಲ್ಲೊಂದು ಪಟ್ಟಿ ಇದೆ. ಮೂರು ಕಾಲಂ. ಮೊದಲನೆಯದರಲ್ಲಿ ಕಾಯಿಲೆಯ ಹೆಸರು, ಎರಡನೆಯದರಲ್ಲಿ ಅದಕ್ಕಿರಬಹುದಾದ ಮಾನಸಿಕ ಕಾರಣ, ಮೂರನೆಯದರಲ್ಲಿ ಆ ಕಾರಣ ಅಳಿಸಲು ದಿನವೂ ಹೇಳಿಕೊಳ್ಳಬೇಕಾದ ಹೊಸ ಮಾತು. ಮೊಡವೆ, ಕ್ಯಾನ್ಸರ್, ಎಲ್ಲವೂ ಅಕ್ಷರಾನುಕ್ರಮದಲ್ಲಿ ಸಿಗುತ್ತವೆ. ಪುಸ್ತಕ ಕೈಗೆ ಬಂದವರು ಮೊದಲು ತಮ್ಮ ಕಾಯಿಲೆಯ ಸಾಲು ಹುಡುಕುತ್ತಾರೆ, ಆಮೇಲೆ ಗಂಡನದೋ ಹೆಂಡತಿಯದೋ, ಆಮೇಲೆ ಬಾಸ್‌ನದು.

ಪುಣೆಯ ಅಪ್ಪಾ ಬಳವಂತ ಚೌಕದಲ್ಲೂ ವಿಮಾನ ನಿಲ್ದಾಣದ ಅಂಗಡಿಗಳಲ್ಲೂ ಕಂಡಿದ್ದ ಈ ಪುಸ್ತಕ ಈಗ ನಮ್ಮ ಕಂಪನಿಗಳ ವೆಲ್‌ನೆಸ್ ವಾರಕ್ಕೂ ಬಂದಿದೆ. ಸೆಲ್ಫ್ ಕೇರ್ ಎಂಬ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಕೇಳುವ ಅರ್ಧ ಮಾತುಗಳ ಮೂಲ ಇಲ್ಲಿಯೇ ಇದೆ. ಹಾಗಾಗಿ ಇದನ್ನು ಒಂದು ಪಠ್ಯವಾಗಿ ಓದಬೇಕು ಅನ್ನಿಸಿತು. ಪಕ್ಕದಲ್ಲಿಟ್ಟುಕೊಂಡು ಓದಿದ್ದು ಇನ್ನೊಂದು ಪುಸ್ತಕ, ಬಿ.ಕೆ.ಎಸ್. ಅಯ್ಯಂಗಾರ್ ಅವರ 1966ರ ‘ಲೈಟ್ ಆನ್ ಯೋಗ’. ಅದರ ಕೊನೆಯಲ್ಲೂ ಕಾಯಿಲೆಗಳ ಒಂದು ಪಟ್ಟಿ ಇದೆ.

ಮೊದಲು ಹೇ. ಅವರ ಪುಸ್ತಕ ಬಂದದ್ದು 1984ರಲ್ಲಿ. ಪಟ್ಟಿ ಅದಕ್ಕಿಂತ ಹಳೆಯದು. 1976ರಲ್ಲೇ ‘ಹೀಲ್ ಯುವರ್ ಬಾಡಿ’ ಎಂಬ ಕಿರುಪುಸ್ತಕವಾಗಿ ಬಂದಿತ್ತು. ಅಂದರೆ ಪಟ್ಟಿಯೇ ಬೀಜ, ಉಳಿದ ಅಧ್ಯಾಯಗಳು ಅದರ ಸುತ್ತ ಬೆಳೆದದ್ದು. ಕ್ಷಮೆ, ತನ್ನನ್ನು ತಾನು ಪ್ರೀತಿಸುವುದು, ಕನ್ನಡಿಯ ಮುಂದೆ ನಿಂತು ತನ್ನೊಂದಿಗೇ ಮಾತಾಡುವುದು ಇವೆಲ್ಲ ಆ ಅಧ್ಯಾಯಗಳ ವಿಷಯ. ಪಟ್ಟಿಯ ಆಚೆಗೆ ಆಕೆ ತನ್ನ ಕಥೆ ಹೇಳಿಕೊಳ್ಳುತ್ತಾರೆ. ಮಲತಂದೆಯ ಹೊಡೆತ, ಎಳೆಯ ವಯಸ್ಸಿನಲ್ಲಾದ ಅತ್ಯಾಚಾರ, ಬಡತನ, ಮುರಿದ ಮದುವೆ. ಇಡೀ ಪುಸ್ತಕದಲ್ಲಿ ಸಾಹಿತ್ಯ ಅನ್ನಬಹುದಾದ ಭಾಗ ಇದೊಂದೇ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲು ಹೇಸುವ ಒಬ್ಬ ಹೆಂಗಸಿಗೆ ‘ನೀನು ಕೆಟ್ಟವಳಲ್ಲ’ ಎಂದು ಯಾರಾದರೂ ಹೇಳಬೇಕಿತ್ತು; ಯಾರೂ ಹೇಳದಿದ್ದಾಗ ಆಕೆಯೇ ಹೇಳಿಕೊಂಡರು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಎಂಬತ್ತರ ದಶಕದಲ್ಲಿ ಏಡ್ಸ್ ರೋಗಿಗಳನ್ನು ಮನೆಯವರೇ ಮುಟ್ಟಲು ಹೆದರುತ್ತಿದ್ದಾಗ ಲಾಸ್ ಏಂಜಲಿಸ್ ಪ್ರದೇಶದಲ್ಲಿ ಹೇ ಅವರನ್ನು ಸೇರಿಸಿ, ತಬ್ಬಿಕೊಂಡು, ಹಾಡಿಸುತ್ತಿದ್ದರು. ಆ ಕೋಣೆಯಲ್ಲಿ ಸಿಕ್ಕ ಸಮಾಧಾನ ನಿಜವಾದದ್ದೇ.

ತಕರಾರು ಇರುವುದು ಎರಡನೇ ಕಾಲಂ ಬಗ್ಗೆ. ಕ್ಯಾನ್ಸರ್ ಎದುರಿಗಿರುವುದು ಬಹುಕಾಲ ಒಳಗೇ ಇಟ್ಟುಕೊಂಡ ಅಸಮಾಧಾನ, ಹಳೆಯ ಆಳವಾದ ನೋವು. ಹೊಟ್ಟೆಯ ಅಲ್ಸರ್ ಎದುರಿಗೆ ಭಯ, ತಾನು ಏನಕ್ಕೂ ಸಾಲದವನು ಎಂಬ ನಂಬಿಕೆ. ವಿಚಿತ್ರವೆಂದರೆ ಪುಸ್ತಕ ಹೊರಬಂದ 1984ರಲ್ಲೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಎಂಬ ವೈದ್ಯ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಲಸಿದ ದ್ರವವನ್ನು ತಾನೇ ಕುಡಿದು, ಹೊಟ್ಟೆಯ ಉರಿಯೂತ ತಂದುಕೊಂಡು, ಅಲ್ಸರ್‌ಗೆ ಕಾರಣ ಬರೀ ಮನಸ್ಸಿನ ಒತ್ತಡವಲ್ಲ ಎಂದು ತೋರಿಸಲು ಹೊರಟಿದ್ದರು. 2005ರಲ್ಲಿ ರಾಬಿನ್ ವಾರನ್ ಜೊತೆ ಅವರಿಗೆ ನೊಬೆಲ್ ಬಂತು. ಇವತ್ತು ಆ ಬ್ಯಾಕ್ಟೀರಿಯಾದಿಂದ ಬಂದ ಅಲ್ಸರ್‌ಗೆ ಎರಡು ವಾರದ ಆಂಟಿಬಯಾಟಿಕ್ ಕೊಡುತ್ತಾರೆ. ನಾನು ಸಾಲದವನು ಎಂದು ಎಷ್ಟೋ ವರ್ಷ ಹೊಟ್ಟೆ ಹಿಡಿದುಕೊಂಡು ಕೂತವರಿಗೆ ಈ ಸುದ್ದಿ ಕೊಟ್ಟ ನೆಮ್ಮದಿ ಎಂಥದ್ದಿರಬೇಕು!

ಸೂಸನ್ ಸಾಂಟಾಗ್ ಈ ಬಗೆಯ ಯೋಚನೆಯನ್ನು ‘ಇಲ್‌ನೆಸ್ ಆ್ಯಸ್ ಮೆಟಫರ್’ ಪುಸ್ತಕದಲ್ಲಿ 1978ರಲ್ಲೇ ಹಿಡಿದು ನಿಲ್ಲಿಸಿದ್ದರು. ಆಕೆಯೂ ಸ್ತನ ಕ್ಯಾನ್ಸರ್ ಅನುಭವಿಸಿದವರು. ಕಾರಣ ಗೊತ್ತಿಲ್ಲದ ಕಾಯಿಲೆಗೆ ಜನ ಸ್ವಭಾವವನ್ನು ಕಾರಣ ಮಾಡುತ್ತಾರೆ ಎಂಬುದು ಅವರ ವಾದ. 1882ರಲ್ಲಿ ಕಾಖ್ ಕ್ಷಯದ ಕ್ರಿಮಿಯನ್ನು ಗುರುತಿಸುವ ಮುಂಚೆ ಕ್ಷಯ ಬರುವುದು ಅತಿಸೂಕ್ಷ್ಮ ಮನಸ್ಸಿನವರಿಗೆ ಎನ್ನುತ್ತಿದ್ದರು. ಆಮೇಲೆ ಆ ಜಾಗಕ್ಕೆ ಕ್ಯಾನ್ಸರ್ ಬಂತು, ಕೋಪ ನುಂಗಿಕೊಂಡವರ ಕಾಯಿಲೆಯಾಗಿ. ಹೇ ಅವರ ಪಟ್ಟಿ ಇದಕ್ಕೆ ಹೊಸದಾಗಿ ಸೇರಿಸಿದ್ದು ಕಾಲಂಗಳನ್ನು ಮಾತ್ರ. ಒಳ್ಳೆಯ ಮನಸ್ಥಿತಿ ಇದ್ದವರು ಕ್ಯಾನ್ಸರ್‌ನಿಂದ ಹೆಚ್ಚು ಕಾಲ ಬದುಕುತ್ತಾರೆಯೇ ಎಂದು ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1093 ರೋಗಿಗಳಲ್ಲಿ ನೋಡಿದರು. 2007ರಲ್ಲಿ ಪ್ರಕಟವಾದ ಉತ್ತರ: ಸಂಬಂಧ ಕಾಣಲಿಲ್ಲ.

ನನ್ನ ತಂಡದಲ್ಲಿದ್ದ ಟೆಸ್ಟ್ ಲೀಡ್ ಒಬ್ಬರಿಗೆ ಕೆಲವು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್ ಆಯಿತು. ಧಾರವಾಡ ಕಡೆಯವರು, ಬಗ್ ಹುಡುಕುವುದರಲ್ಲಿ ಹಟಮಾರಿ. ಯಾರೋ ಪ್ರೀತಿಯಿಂದಲೇ ಈ ಪುಸ್ತಕ ಕೊಟ್ಟಿದ್ದರು. ಮೂರನೇ ಕೀಮೋ ಆದಮೇಲೆ ನೋಡಲು ಹೋದಾಗ ಕೇಳಿದರು: “ಸರ್, ನಾ ಯಾರ ಮ್ಯಾಲೆ ಇಷ್ಟು ಸಿಟ್ಟು ಇಟ್ಕೊಂಡಿದ್ದೆ ಅಂತ ಹುಡುಕಾಕತ್ತೀನ್ರಿ. ಅತ್ತಿ ಮ್ಯಾಲೋ, ನಿಮ್ಮ ಮ್ಯಾಲೋ?” ಇಬ್ಬರೂ ನಕ್ಕೆವು. ಆದರೆ ಅವರು ನಿಜಕ್ಕೂ ಹುಡುಕುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಹೆಸರುಗಳಿದ್ದವು. ವಾಂತಿ, ನಿದ್ದೆಗೆಟ್ಟ ರಾತ್ರಿಗಳ ಮೇಲೆ ಇದೊಂದು ಹೆಚ್ಚಿನ ಕೆಲಸ.

ಯಾರನ್ನೂ ದೂಷಿಸಬೇಡಿ, ನಿಮ್ಮನ್ನೂ ದೂಷಿಸಿಕೊಳ್ಳಬೇಡಿ ಎಂದು ಹೇ ಮತ್ತೆ ಮತ್ತೆ ಹೇಳುತ್ತಾರೆ, ನಿಜ. ಆದರೆ ಪುಸ್ತಕದ ರಚನೆ ಆ ಮಾತನ್ನು ಕೇಳುವುದಿಲ್ಲ. ಪ್ರಾಜೆಕ್ಟುಗಳಲ್ಲಿ ಏನಾದರೂ ಕುಸಿದುಬಿದ್ದಾಗ ನಾವು ಮೂಲಕಾರಣದ ವರದಿ ಬರೆಯುತ್ತೇವಲ್ಲ, ಅದರಲ್ಲಿ ಒಂದು ನಿಯಮ ಇದೆ: ಕಾರಣದ ಕಾಲಂನಲ್ಲಿ ವ್ಯಕ್ತಿಯ ಹೆಸರು ಬರೆಯುವಂತಿಲ್ಲ. ‘ಮನುಷ್ಯನ ತಪ್ಪು’ ಎಂದು ಬರೆದರೆ ವರದಿ ವಾಪಸ್ ಬರುತ್ತದೆ, ಏಕೆಂದರೆ ಅಲ್ಲಿಗೆ ತನಿಖೆ ನಿಂತುಹೋಗುತ್ತದೆ. ಹೇ ಅವರ ಪಟ್ಟಿಯಲ್ಲಿ ಸಾಲು ಯಾವುದೇ ಇರಲಿ, ಕಾರಣದ ಕಾಲಂನಲ್ಲಿ ಇರುವುದು ರೋಗಿಯೇ. ತನ್ನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಯಿತು ಎಂಬ ಆಕೆಯ ಮಾತಿಗೆ ವೈದ್ಯಕೀಯ ದಾಖಲೆ ಯಾವುದನ್ನೂ ಪುಸ್ತಕ ತೋರಿಸುವುದಿಲ್ಲ.

ಇದೆಲ್ಲ ಪಶ್ಚಿಮದ ಕಥೆ, ನಮಗೆ ಆಗಲೇ ಕರ್ಮಸಿದ್ಧಾಂತ ಇದೆಯಲ್ಲ ಎಂದು ಕೆಲವರು ಕೇಳಬಹುದು. ಹುಟ್ಟುವ ಮೊದಲು ನಮ್ಮ ತಂದೆತಾಯಿಯನ್ನು ನಾವೇ ಆರಿಸಿಕೊಳ್ಳುತ್ತೇವೆ ಎಂದು ಹೇ ಕೂಡ ಬರೆಯುತ್ತಾರೆ. ಆದರೆ ನಮ್ಮ ಅಜ್ಜಿಯಂದಿರು ‘ಪಡಕೊಂಡು ಬಂದದ್ದು’ ಎನ್ನುತ್ತಿದ್ದಾಗ ಅದರಲ್ಲಿ ಒಂದು ಬಗೆಯ ಕರುಣೆ ಇತ್ತು. ಹಿಂದಿನ ಜನ್ಮ ಯಾರಿಗೂ ನೆನಪಿಲ್ಲ. ಹಾಗಾಗಿ ಯಾರನ್ನೂ ಕೂರಿಸಿ ವಿಚಾರಣೆ ಮಾಡುವಂತಿರಲಿಲ್ಲ. ಹಣೆಬರಹ ಎಂದು ನಿಟ್ಟುಸಿರುಬಿಟ್ಟು ಗಂಜಿ ಕಾಯಿಸಲು ಏಳುತ್ತಿದ್ದರು. (ಅದೇ ಮಾತನ್ನು ವಿಧವೆಯರ ಮೇಲೆ, ಬಡವರ ಮೇಲೆ ಹೇಗೆ ಬಳಸಿದರು ಎಂಬುದು ಬೇರೆಯೇ ಅಧ್ಯಾಯ.) ಹೇ ಅವರ ಕರ್ಮಕ್ಕೆ ಹಿಂದಿನ ಜನ್ಮದ ಆ ಮರೆ ಇಲ್ಲ. ತಪ್ಪು ಈ ಜನ್ಮದ್ದು, ಬಹುಶಃ ಹೋದ ವರ್ಷದ್ದು, ನೆನಪು ಮಾಡಿಕೊಂಡರೆ ಸಿಗುತ್ತದೆ.

ಈಗ ಅಯ್ಯಂಗಾರ್. ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಇನ್‌ಫ್ಲುಯೆಂಜಾ ಹಾವಳಿಯ ನಡುವೆ ಹುಟ್ಟಿದವರು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಹುಡುಗನಾಗಿದ್ದಾಗಲೇ ಕಂಡವರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಆರು ತಿಂಗಳ ಮಟ್ಟಿಗೆಂದು ಪುಣೆಗೆ ಬಂದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆರು ತಿಂಗಳ ಆನ್‌ಸೈಟ್. ಅದು 77 ವರ್ಷ ನಡೆಯಿತು, 2014ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಮಾಡೆಲ್ ಕಾಲನಿಯಲ್ಲಿ ಅವರು 1975ರಲ್ಲಿ ಹೆಂಡತಿ ರಮಾಮಣಿಯವರ ಹೆಸರಿನಲ್ಲಿ ತೆರೆದ ಸಂಸ್ಥೆ ಇವತ್ತಿಗೂ ಇದೆ.

‘ಲೈಟ್ ಆನ್ ಯೋಗ’ದ ಗದ್ಯ ಒಣಗಿದ ಗದ್ಯ. ಅದೇ ಅದರ ಗುಣ. ತ್ರಿಕೋನಾಸನಕ್ಕೆ ಕಾಲುಗಳ ನಡುವೆ ಎಷ್ಟು ಅಡಿ, ಯಾವ ಪಾದ ಎಷ್ಟು ತಿರುಗಬೇಕು, ಅಂಗೈ ಎಲ್ಲಿರಬೇಕು, ಎಷ್ಟು ಹೊತ್ತು ಉಸಿರಾಡುತ್ತ ನಿಲ್ಲಬೇಕು, ಎಲ್ಲವೂ ಅಂಕಿ ಹಾಕಿ ಬರೆದದ್ದು. ಖಾಲಿ ಹೊಟ್ಟೆಯಲ್ಲಿ ಮಾಡಿ, ಆಗದಿದ್ದರೆ ಒಂದು ಲೋಟ ಚಹಾ ಅಥವಾ ಕಾಫಿ ಕುಡಿದು ಮಾಡಿ ಎನ್ನುತ್ತದೆ. ತಲೆಸುತ್ತು, ಬಿಪಿ ಇದ್ದವರು ಶೀರ್ಷಾಸನದಿಂದ ಶುರು ಮಾಡಬಾರದು, ಮೊದಲು ಇಂಥಿಂಥ ಆಸನ ಎಂದು ಹೇಳುತ್ತದೆ. ಓದುಗನ ಬಾಲ್ಯ ಹೇಗಿತ್ತು ಎಂದು ಕೇಳುವುದಿಲ್ಲ. ಕೊನೆಯ ಪಟ್ಟಿಯಲ್ಲಿ ಆಸ್ತಮಾ, ಬೆನ್ನುನೋವು, ಸಂಧಿವಾತ ಎಂದು ಹೆಸರು ಕೊಟ್ಟು, ಮುಂದೆ ಆಸನಗಳ ಹೆಸರು. ‘ಯಾಕೆ ಬಂತು’ ಎಂಬ ಕಾಲಂ ಇಲ್ಲಿ ಇಲ್ಲವೇ ಇಲ್ಲ. ‘ಈಗ ಏನು ಮಾಡೋಣ’ ಎಂಬುದು ಮಾತ್ರ ಇದೆ.

ಹಾಗೆಂದು ಅಯ್ಯಂಗಾರ್ ಪಟ್ಟಿ ವಿಜ್ಞಾನ, ಹೇ ಪಟ್ಟಿ ಮೌಢ್ಯ ಎಂದು ಗೆರೆ ಎಳೆಯಲು ನಾನು ತಯಾರಿಲ್ಲ. ಒಂದೊಂದು ಆಸನದ ಕೆಳಗೂ ಅವರು ಬರೆಯುವ ಪರಿಣಾಮಗಳಲ್ಲಿ ಇವತ್ತಿನ ವೈದ್ಯರು ಒಪ್ಪದವು ಬೇಕಾದಷ್ಟಿವೆ. ಮಧುಮೇಹದವರು ಅದನ್ನು ನಂಬಿ ಮಾತ್ರೆ ಬಿಟ್ಟರೆ ಅಪಾಯ ಅಷ್ಟೇ. ಅವರು ಒರಟು ಗುರು ಎಂಬ ಮಾತೂ ಸುಳ್ಳಲ್ಲ. ಆದರೆ ಫಲಿಸದ ಪಟ್ಟಿಗಳು ಓದುಗನನ್ನು ಎಲ್ಲಿ ಬಿಡುತ್ತವೆ ನೋಡಿ. ಅಯ್ಯಂಗಾರರ ಪಟ್ಟಿ ಫಲಿಸದಿದ್ದರೆ ಬೆನ್ನುನೋವು ಹಾಗೇ ಉಳಿಯುತ್ತದೆ, ಮಂಡಿ ಸ್ವಲ್ಪ ಸಡಿಲವಾಗಿರುತ್ತದೆ. ಹೇ ಪಟ್ಟಿ ಫಲಿಸದಿದ್ದರೆ ಕಾಯಿಲೆಯ ಜೊತೆಗೆ ‘ನಾನು ಸರಿಯಾಗಿ ಕ್ಷಮಿಸಲಿಲ್ಲವೇನೋ’ ಎಂಬ ಸಂಶಯವೂ ಉಳಿಯುತ್ತದೆ.

ಅಯ್ಯಂಗಾರರ ಆಸನಗಳ ಭಾಗ ಮುಗಿಯುವುದು ಶವಾಸನದಿಂದ. ಸುಮ್ಮನೆ ಮಲಗುವ ಈ ಭಂಗಿಯೇ ಸಾಧಿಸಲು ಬಹಳ ಕಷ್ಟದ್ದು ಎಂದು ಅವರು ಬರೆಯುತ್ತಾರೆ. ಅಲ್ಲಿಯೂ ಮನಸ್ಸಿಗೆ ಉಪದೇಶ ಕಡಿಮೆ. ಹಿಮ್ಮಡಿ ಹೇಗಿರಬೇಕು, ಕೈ ಎಲ್ಲಿರಬೇಕು, ಉಸಿರು ಹೇಗೆ ಬರಬೇಕು ಎಂಬ ಸೂಚನೆಗಳೇ ಹೆಚ್ಚು. 2005ರ ‘ಲೈಟ್ ಆನ್ ಲೈಫ್’ನಲ್ಲಿ ಅವರು ಆತ್ಮ, ಆನಂದ ಎಂದು ಉದ್ದಕ್ಕೆ ಮಾತಾಡಲು ತೊಡಗಿದಾಗ ನನಗೆ ಈ ಹಳೆಯ ಒಣ ಗದ್ಯವೇ ನೆನಪಾಗುತ್ತಿತ್ತು. ಟೆಸ್ಟ್ ಲೀಡ್ ಈಗ ಕೆಲಸಕ್ಕೆ ಮರಳಿದ್ದಾರೆ, ಮಾತ್ರೆ ಇನ್ನೂ ನಡೆಯುತ್ತಿದೆ. ಅವರಿಗೆ ಶವಾಸನದ ಆ ಎರಡು ಪುಟ ಕಳಿಸಿದ್ದೆ. ಐದು ನಿಮಿಷಕ್ಕೆ ನಿದ್ದೆ ಬಂತ್ರಿ ಎಂದರು.