ವೀಸಾ ಪ್ರಾಯೋಜಕತ್ವ ಉಂಟು: ಒಂದು ಉದ್ಯೋಗ ಪ್ರಕಟಣೆಗೆ ಟೀಕು

ಮೂಲ: ರೇಡಿಯಾಲಜಿ ತಜ್ಞರು ಬೇಕಾಗಿದ್ದಾರೆ. ಜಿಎಂಸಿ ನೋಂದಣಿ ಅಥವಾ ಅದಕ್ಕೆ ಅರ್ಹತೆ ಇರಬೇಕು. ಎಫ್‌ಆರ್‌ಸಿಆರ್ ಆದವರಿಗೆ ಆದ್ಯತೆ. ಸಿಟಿ, ಎಂಆರ್‌ಐ ವರದಿಯಲ್ಲಿ ಸ್ವತಂತ್ರ ಅನುಭವ ಅವಶ್ಯ. ಅರ್ಹರಿಗೆ ವೀಸಾ ಪ್ರಾಯೋಜಕತ್ವ ಉಂಟು.

ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ಹೊರಡಿಸುವ ಪ್ರಕಟಣೆಗಳ ಸಾರವನ್ನು ಕನ್ನಡದಲ್ಲಿ ಕೂಡಿಸಿದರೆ ಈ ಐದು ವಾಕ್ಯಗಳಾಗುತ್ತವೆ. 1604ರಲ್ಲಿ ತಿಮ್ಮಣ್ಣ ಅಜಿಲರು ಫಲ್ಗುಣಿ ತೀರದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೇಣೂರಿನಲ್ಲಿ ಹುಟ್ಟಿ, ಮಂಗಳೂರಿನಲ್ಲೋ ಮಣಿಪಾಲದಲ್ಲೋ ಎಂ.ಡಿ. ಮುಗಿಸಿದ ವೈದ್ಯರು ಇದನ್ನು ಓದುವಾಗ ಕಣ್ಣು ಮೊದಲು ಐದನೆಯ ವಾಕ್ಯಕ್ಕೇ ಹೋಗುವುದು ಸಹಜ. ಆದರೆ ಅದರ ಅರ್ಥ ಮೊದಲ ನಾಲ್ಕರಲ್ಲಿ ಅಡಗಿದೆ. ವೇಣೂರಿಗೆ ಹತ್ತಿರದ ಮೂಡುಬಿದಿರೆಯ ಸಿದ್ಧಾಂತ ಬಸದಿಯು ಶತಮಾನಗಳ ಕಾಲ ಕಾಪಾಡಿದ ತಾಳೆಗರಿಗಳಲ್ಲಿ ಜೈನ ಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಳಾ ಟೀಕೆ ಮುಖ್ಯವಾದುದು. ಸೂತ್ರ ಕಿರಿದಾದಷ್ಟೂ ಅದನ್ನು ಬಿಡಿಸಿ ಹೇಳಬೇಕೆಂಬುದು ಆ ಪರಂಪರೆಯ ಕ್ರಮ. ಆ ಕ್ರಮವೇ ಇಲ್ಲಿಗೂ ಸಲ್ಲುತ್ತದೆ.

‘ರೇಡಿಯಾಲಜಿ ತಜ್ಞರು ಬೇಕಾಗಿದ್ದಾರೆ’ ಎಂಬುದು ಮೊದಲನೆಯದು. ರೇಡಿಯಾಲಜಿಯೆಂದರೆ ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಇವುಗಳಿಂದ ದೇಹದೊಳಗಿನ ಚಿತ್ರವನ್ನು ಪಡೆದು ರೋಗವನ್ನು ನಿರ್ಣಯಿಸುವ ವಿದ್ಯೆ. 1895ರಲ್ಲಿ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದುದೇ ಇದಕ್ಕೆ ಆದಿ. ತಜ್ಞರೆಂದರೆ ಯಂತ್ರ ನಡೆಸುವವರಲ್ಲ, ಚಿತ್ರವನ್ನು ಓದಿ ವರದಿಗೆ ಸಹಿ ಹಾಕುವ ವೈದ್ಯರು. ಜನರ ಬಾಯಲ್ಲಿ ‘ಸ್ಕ್ಯಾನಿಂಗ್ ಡಾಕ್ಟ್ರು’. ಯಂತ್ರ ನಡೆಸುವವರು ಬ್ರಿಟನ್ನಿನಲ್ಲಿ ರೇಡಿಯೋಗ್ರಾಫರ್‌ಗಳು. ಅವರ ನೋಂದಣಿಯೂ ಬೇರೆ. ‘ಬೇಕಾಗಿದ್ದಾರೆ’ ಎಂಬುದು ಬರಿಯ ಉಪಚಾರವಲ್ಲ: ಅಲ್ಲಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ನಡೆಸಿದ 2023ರ ಗಣತಿಯಂತೆ ತಜ್ಞರ ಕೊರತೆ ಶೇ 30ರಷ್ಟು. ಇಷ್ಟು ಕೊರತೆಯಿದ್ದಲ್ಲಿ ನಿಯಮವೂ ಸಡಿಲವಿರಬೇಕಲ್ಲವೇ ಎಂಬುದು ಶಂಕೆ. ಹಾಗಲ್ಲವೆಂಬುದು ಸಮಾಧಾನ. ಕೊರತೆಯು ಬಾಗಿಲನ್ನು ತೆರೆಯುತ್ತದೆ, ಹೊಸಿಲನ್ನು ತಗ್ಗಿಸುವುದಿಲ್ಲ; ಮುಂದಿನ ಮೂರು ವಾಕ್ಯಗಳು ಆ ಹೊಸಿಲಿನ ಅಳತೆಯನ್ನೇ ಹೇಳುತ್ತವೆ.

‘ಜಿಎಂಸಿ ನೋಂದಣಿ ಅಥವಾ ಅದಕ್ಕೆ ಅರ್ಹತೆ’ ಎಂಬುದು ಎರಡನೆಯದು. ಜಿಎಂಸಿಯೆಂದರೆ ಜನರಲ್ ಮೆಡಿಕಲ್ ಕೌನ್ಸಿಲ್, 1858ರ ಕಾಯ್ದೆಯಿಂದ ಹುಟ್ಟಿದ, ಬ್ರಿಟನ್ನಿನಲ್ಲಿ ವೈದ್ಯವೃತ್ತಿಗೆ ಪರವಾನಗಿ ಕೊಡುವ ಸಂಸ್ಥೆ. ಇದರ ಪಟ್ಟಿಯಲ್ಲಿ ಹೆಸರಿಲ್ಲದ ವೈದ್ಯರು ಎಷ್ಟೇ ಪಂಡಿತರಾಗಿರಲಿ, ಅಲ್ಲಿ ರೋಗಿಯ ಚಿತ್ರಕ್ಕೆ ವರದಿ ಬರೆಯುವಂತಿಲ್ಲ. ನೋಂದಣಿಗೆ ಅಂಗಗಳು ನಾಲ್ಕು. ಪದವಿಯು ನಿಜವೆಂದು ಮೂಲ ಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳುವ ಪರಿಶೀಲನೆ ಮೊದಲನೆಯ ಅಂಗ. ಭಾಷೆಯ ಪರೀಕ್ಷೆ ಎರಡನೆಯದು: ಐಇಎಲ್‌ಟಿಎಸ್ ಆದರೆ ಒಟ್ಟಾರೆ 7.5, ನಾಲ್ಕು ಭಾಗಗಳಲ್ಲಿ ಯಾವುದರಲ್ಲೂ 7ಕ್ಕೆ ಕಡಿಮೆಯಾಗಬಾರದು. ಓಇಟಿ ಆದರೆ ಪ್ರತಿ ಭಾಗದಲ್ಲೂ ಬಿ ದರ್ಜೆ. ವೈದ್ಯಕೀಯ ಜ್ಞಾನದ ಸಾಕ್ಷಿ ಮೂರನೆಯದು: ಪ್ಲ್ಯಾಬ್ ಪರೀಕ್ಷೆ, ಇಲ್ಲವೇ ಜಿಎಂಸಿ ಒಪ್ಪುವ ಸ್ನಾತಕೋತ್ತರ ಅರ್ಹತೆ. ವೃತ್ತಿಯಲ್ಲಿ ಕಳಂಕವಿಲ್ಲವೆಂದು ಸ್ವದೇಶದ ಮಂಡಳಿ ಕೊಡುವ ಗುಡ್ ಸ್ಟ್ಯಾಂಡಿಂಗ್ ಪತ್ರ ನಾಲ್ಕನೆಯದು. ಕರ್ನಾಟಕದ 2012ರ ಕಡ್ಡಾಯ ಸೇವೆಯ ಕಾಯ್ದೆಯಂತೆ ಸರಕಾರಿ ಸೇವೆಯ ಹೊಣೆ ಬಂದಿದ್ದರೆ ಅದನ್ನೂ ತೀರಿಸಿಯೇ ಹೊರಡುವುದು ಯುಕ್ತ. ‘ಅಥವಾ’ ಎಂಬುದನ್ನು ಇಲ್ಲಿ ಎಚ್ಚರದಿಂದ ಓದಬೇಕು. ಅರ್ಹತೆ ಮಾತ್ರ ಇದ್ದವರು ಅರ್ಜಿ ಹಾಕಬಹುದು. ಕೆಲಸಕ್ಕೆ ಕೂರಲು ನೋಂದಣಿಯೂ ಪರವಾನಗಿಯೂ ಕೈಗೆ ಬಂದಿರಬೇಕು.

‘ಎಫ್‌ಆರ್‌ಸಿಆರ್ ಆದವರಿಗೆ ಆದ್ಯತೆ’ ಎಂಬುದು ಮೂರನೆಯದು. ಎಫ್‌ಆರ್‌ಸಿಆರ್ ಎಂದರೆ ಮೇಲೆ ಹೇಳಿದ ರಾಯಲ್ ಕಾಲೇಜಿನ ಫೆಲೋಶಿಪ್. ಮೊದಲ ಹಂತದಲ್ಲಿ ಭೌತವಿಜ್ಞಾನ ಮತ್ತು ಅಂಗರಚನೆ, ಎರಡನೆಯದರ ‘ಎ’ ಭಾಗದಲ್ಲಿ ರೋಗಗಳ ಲಿಖಿತ ಪರೀಕ್ಷೆ, ‘ಬಿ’ ಭಾಗದಲ್ಲಿ ಚಿತ್ರಗಳಿಗೆ ವರದಿ ಬರೆಯುವುದು ಮತ್ತು ಪರೀಕ್ಷಕರೆದುರು ಚಿತ್ರವನ್ನು ಮಾತಿನಲ್ಲಿ ವಿವರಿಸುವುದು. ಎಂ.ಡಿ. ಇರುವಾಗ ಇದೇಕೆ ಎಂದರೆ, ಭಾರತದ ಮೂರು ವರ್ಷದ ಎಂ.ಡಿ.ಯು ಇಲ್ಲಿ ಪೂರ್ಣ ಅರ್ಹತೆಯಾದರೂ ಅಲ್ಲಿ ತಾನಾಗಿ ಸಲ್ಲುವುದಿಲ್ಲ. ಈ ಫೆಲೋಶಿಪ್ ಜಿಎಂಸಿ ಒಪ್ಪುವ ಅರ್ಹತೆಗಳಲ್ಲೊಂದು; ಆದುದರಿಂದ ಇದು ಕೈಸೇರಿದರೆ ಪ್ಲ್ಯಾಬ್ ಬೇಕಿಲ್ಲ. ‘ಆದ್ಯತೆ’ಯೆಂಬುದು ಮೇಲ್ನೋಟಕ್ಕೆ ಮೃದುವಾದ ಮಾತಾದರೂ ರೇಡಿಯಾಲಜಿ ತಜ್ಞರ ಮಟ್ಟಿಗೆ ಎರಡನೆಯ ವಾಕ್ಯದ ಬೀಗಕ್ಕೆ ಇದೇ ಕೀಲಿಕೈ. ಆದರೂ ಖಾಯಂ ಕನ್ಸಲ್ಟೆಂಟ್ ಹುದ್ದೆಗೆ ಇಷ್ಟೇ ಸಾಲದು. ಅದಕ್ಕೆ ಸ್ಪೆಷಲಿಸ್ಟ್ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ವಿದೇಶದಲ್ಲಿ ತರಬೇತಿ ಪಡೆದವರು ತಮ್ಮ ಅನುಭವದ ದಾಖಲೆಗಳನ್ನು ಕಟ್ಟಿ ಒಪ್ಪಿಸುವ ಪೋರ್ಟ್‌ಫೋಲಿಯೋ ಮಾರ್ಗದಿಂದ ಅದನ್ನು ಸಾಧಿಸಿಕೊಳ್ಳುತ್ತಾರೆ.

‘ಸಿಟಿ, ಎಂಆರ್‌ಐ ವರದಿಯಲ್ಲಿ ಸ್ವತಂತ್ರ ಅನುಭವ’ ಎಂಬುದು ನಾಲ್ಕನೆಯದು. ಬೆಳ್ತಂಗಡಿ, ಮೂಡುಬಿದಿರೆಯಂಥ ಪೇಟೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ತಜ್ಞರ ದಿನದ ಬಹುಭಾಗ ಅಲ್ಟ್ರಾಸೌಂಡಿಗೇ ಸಲ್ಲುತ್ತದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆಯಂತೆ ಗರ್ಭಿಣಿಯರ ಸ್ಕ್ಯಾನಿಂಗಿಗೆ ಎಫ್ ಫಾರ್ಮ್ ತುಂಬುವ ಹೊಣೆಯೂ ಅದರ ಜೊತೆಗಿದೆ. ಬ್ರಿಟನ್ನಿನಲ್ಲಿ ಅಲ್ಟ್ರಾಸೌಂಡಿನ ಹೆಚ್ಚಿನ ಪಾಲನ್ನು ವೈದ್ಯರಲ್ಲದ ಸೋನೋಗ್ರಾಫರ್‌ಗಳು ಮಾಡುತ್ತಾರೆ. ಎಕ್ಸ್‌ರೇ ವರದಿಯಲ್ಲೂ ತರಬೇತಾದ ರೇಡಿಯೋಗ್ರಾಫರ್‌ಗಳ ಪಾಲುಂಟು. ಆದುದರಿಂದ ವೈದ್ಯರಿಗೆ ಉಳಿಯುವ ಮುಖ್ಯ ಹೊರೆ ಸಿಟಿ ಮತ್ತು ಎಂಆರ್‌ಐ. ‘ಸ್ವತಂತ್ರ’ವೆಂದರೆ ಹಿರಿಯರು ತಿದ್ದದೆಯೇ ನಿಲ್ಲಬಲ್ಲ ವರದಿ, ಮತ್ತು ಕ್ಯಾನ್ಸರ್ ರೋಗಿಗಳ ಬಗ್ಗೆ ನಾನಾ ವಿಭಾಗದ ವೈದ್ಯರು ಕೂಡುವ ಸಭೆಯಲ್ಲಿ ಆ ಚಿತ್ರವನ್ನು ಸಮರ್ಥಿಸುವ ಶಕ್ತಿ.

‘ಅರ್ಹರಿಗೆ ವೀಸಾ ಪ್ರಾಯೋಜಕತ್ವ ಉಂಟು’ ಎಂಬುದು ಕೊನೆಯದು. ಪ್ರಾಯೋಜಕತ್ವವೆಂದರೆ ವಿಮಾನದ ಖರ್ಚು ಕೊಡುವುದಲ್ಲ. ಗೃಹ ಇಲಾಖೆಯಿಂದ ಲೈಸೆನ್ಸ್ ಪಡೆದ ಆಸ್ಪತ್ರೆಯು ‘ಈ ಹುದ್ದೆಗೆ ಇವರನ್ನು ನೇಮಿಸುತ್ತೇವೆ’ ಎಂದು ಸರಕಾರಕ್ಕೆ ಹೊಣೆ ನಿಲ್ಲುವುದು. ಅದರ ಗುರುತು ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್. ಹೆಸರು ಸರ್ಟಿಫಿಕೇಟಾದರೂ ಇದು ಕಾಗದವಲ್ಲ, ಸಂಖ್ಯೆಯುಳ್ಳ ವಿದ್ಯುನ್ಮಾನ ದಾಖಲೆ. ಅದು ಬಂದ ಮೂರು ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. ವೈದ್ಯರಿಗೆ ಸಲ್ಲುವುದು 2020ರಲ್ಲಿ ಬಂದ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ. ಇದರಲ್ಲಿ ಶುಲ್ಕ ಕಡಿಮೆ, ಆರೋಗ್ಯ ಸರ್‌ಚಾರ್ಜ್ ಇಲ್ಲ. ತರಬೇತಿಗಾಗಿ ಹೋಗುವ ಎಂಟಿಐ ಯೋಜನೆಯ ವೀಸಾ ಬೇರೆ: ಗರಿಷ್ಠ ಎರಡು ವರ್ಷ, ಬಳಿಕ ಹಿಂತಿರುಗಬೇಕು. ಎರಡನ್ನೂ ಒಂದೆಂದು ತಿಳಿಯಬಾರದು. ‘ಅರ್ಹರಿಗೆ’ ಎಂಬುದೇ ಈ ವಾಕ್ಯದ ಪ್ರಾಣ. ಅದು ಹಿಂದಿನ ಮೂರು ವಾಕ್ಯಗಳನ್ನೂ ಒಳಗೊಳ್ಳುತ್ತದೆ.

ಊರಲ್ಲೇ ಇದ್ದು ಪರದೇಶದ ಚಿತ್ರ ಓದಬಾರದೇ, ಆಗ ವೀಸಾವೇ ಬೇಡವಲ್ಲ ಎಂಬುದು ಇನ್ನೊಂದು ಶಂಕೆ. ಓದಬಹುದು. 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಮತ್ತು ಡಾ. ಸುನೀತಾ ಮಹೇಶ್ವರಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಅಮೆರಿಕದ ರಾತ್ರಿಯ ಚಿತ್ರಗಳನ್ನು ಇಲ್ಲಿಯ ಹಗಲಿನಲ್ಲಿ ಓದಿತು. ಆದರೆ ಆ ವರದಿಗೆ ಅಂತಿಮ ಸಹಿ ಹಾಕಲು ಅಮೆರಿಕದ ಪರವಾನಗಿಯೇ ಬೇಕು. ಕಾಪುವಿನ ಬಿ.ಆರ್. ಶೆಟ್ಟಿ 1975ರಲ್ಲಿ ಅಬುಧಾಬಿಯಲ್ಲಿ ನ್ಯೂ ಮೆಡಿಕಲ್ ಸೆಂಟರ್ ತೆರೆದಂದಿನಿಂದ ತುಳುನಾಡಿಗೆ ಪರಿಚಿತವಾದ ಗಲ್ಫಿನ ಆಸ್ಪತ್ರೆಗಳಲ್ಲೂ ಇಂದು ಪದವಿಪತ್ರಗಳ ಡೇಟಾಫ್ಲೋ ಪರಿಶೀಲನೆ, ಪರವಾನಗಿ ಪರೀಕ್ಷೆ ಮುಗಿಯದೆ ಕೆಲಸವಿಲ್ಲ. ವೀಸಾ ಬೇಡವಾದಲ್ಲಿಯೂ ಪರವಾನಗಿ ಬೇಕು. ಇದರಿಂದ ಎರಡರಲ್ಲಿ ಯಾವುದು ಹಿರಿದೆಂಬುದು ಸಿದ್ಧವಾಯಿತು.

ಇನ್ನು ಒಟ್ಟು ತಾತ್ಪರ್ಯ. ನೋಂದಣಿ ವೈದ್ಯರದು, ವೀಸಾ ಹುದ್ದೆಯದು. ಕೆಲಸ ಬಿಟ್ಟರೆ ಸಾಮಾನ್ಯವಾಗಿ 60 ದಿನಗಳೊಳಗೆ ಹೊಸ ಪ್ರಾಯೋಜಕರನ್ನು ಹುಡುಕಬೇಕು ಇಲ್ಲವೇ ದೇಶ ಬಿಡಬೇಕು. ನೋಂದಣಿ ಮಾತ್ರ ಆಸ್ಪತ್ರೆ ಬದಲಾದರೂ ಜೊತೆಗೇ ಬರುತ್ತದೆ. ಆದುದರಿಂದ ಹಣವೂ ಕಾಲವೂ ಮೊದಲು ಪರೀಕ್ಷೆಗೆ ಮತ್ತು ನೋಂದಣಿಗೆ ಸಲ್ಲಬೇಕು. ನೋಂದಣಿಯ ಮಾತೆತ್ತದೆ ವೀಸಾ ಕೊಡಿಸುತ್ತೇವೆಂದು ಮುಂಗಡ ಕೇಳುವವರನ್ನು ದೂರವಿಡಬೇಕು: ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಪಡೆಯುವುದನ್ನು ಬ್ರಿಟನ್ನಿನ 1973ರ ಕಾನೂನು ಏಜೆನ್ಸಿಗಳಿಗೆ ನಿಷೇಧಿಸಿದೆ, ಭಾರತದಲ್ಲಿ 1983ರ ವಲಸೆ ಕಾಯ್ದೆ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯ ಮಾಡಿದೆ. ಲೈಸೆನ್ಸ್ ಪಡೆದ ಪ್ರಾಯೋಜಕರ ಪಟ್ಟಿಯನ್ನು ಬ್ರಿಟನ್ ಸರಕಾರವೇ ಪ್ರಕಟಿಸುತ್ತದೆ. ಆಸ್ಪತ್ರೆಯ ಹೆಸರು ಅದರಲ್ಲಿ ಇದೆಯೇ ಎಂದು ನೋಡಿಕೊಂಡ ಬಳಿಕವೇ ಅರ್ಜಿ ಕಳಿಸುವುದು.