ಫ್ಲೈಯಿಂಗ್ ವಿ, ರೋಡ್ಸ್, ಕಿಂಗ್ ವಿ: ರಾಬರ್ಟ್‌ಸನ್‌ಪೇಟೆಗೆ ಯಾವುದು?

ಮೆಟಲ್ ಸಂಗೀತದವರ ಹೆಗಲಿಗೆ ತೂಗುವ ‘ವಿ’ ಆಕಾರದ ಗಿಟಾರುಗಳನ್ನು ದೂರದಿಂದ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದು. ಈ ಹೋಲಿಕೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಡೀನ್ ಗಿಟಾರುಗಳ ಮಾತೃಸಂಸ್ಥೆಯ ಮೇಲೆ ಗಿಬ್ಸನ್ ಕಂಪನಿ 2019ರಲ್ಲಿ ದಾವೆ ಹೂಡಿತು. 2022ರಲ್ಲಿ ಟೆಕ್ಸಾಸ್‌ನ ಜ್ಯೂರಿ ಬಹುಮಟ್ಟಿಗೆ ಗಿಬ್ಸನ್ ಪರ ನಿಂತಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆ ನಡೆಸಿ ಎಂದಿತು. ಆಕಾರ ಯಾರ ಸ್ವತ್ತು ಎಂಬ ಜಗಳ ಕಂಪನಿಗಳಿಗಿರಲಿ. ತಿಂಗಳ ಸಂಬಳದಲ್ಲಿ ಉಳಿಸಿ ಒಂದೇ ಒಂದು ಗಿಟಾರು ಕೊಳ್ಳುವ ರಾಬರ್ಟ್‌ಸನ್‌ಪೇಟೆಯ ಹುಡುಗನೋ ಹುಡುಗಿಯೋ ಅಂಗಡಿಯಲ್ಲಿ ಕೇಳಬೇಕಾದದ್ದು ತಂತಿಯ ಉದ್ದ ಎಷ್ಟು, ಬ್ರಿಡ್ಜ್ ಯಾವ ಬಗೆಯದು, ಕೂತು ನುಡಿಸಲು ಬರುತ್ತದೆಯೇ ಎಂದು.

ರಾಬರ್ಟ್‌ಸನ್‌ಪೇಟೆ ಇರುವ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ಗೆ ಗಿಟಾರು ಹೊಸದಲ್ಲ. ಆಂಗ್ಲೋ ಇಂಡಿಯನ್ ಕುಟುಂಬಗಳು, ಸಾಲುಸಾಲು ಚರ್ಚುಗಳು, ಕ್ಲಬ್ಬುಗಳು ಇದ್ದ ಊರು ಇದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಇಲ್ಲಿನ ದುಡಿಮೆ ಬೆಂಗಳೂರಿನ ರೈಲಿಗೆ ಜೋತುಬಿತ್ತು. ಮೆಟಲ್ಲಿನ ದಾರಿಯೂ ಅದೇ ಹಳಿಯ ಮೇಲೆಯೇ ಇದೆ. 2007ರಲ್ಲಿ ಐರನ್ ಮೇಡನ್, 2008ರಲ್ಲಿ ಮೆಗಾಡೆತ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, ಮೂರೂ ನುಡಿಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಹತ್ತಿದ ಕ್ರಿಪ್ಟೋಸ್ ಕೂಡ ಬೆಂಗಳೂರಿನದೇ ತಂಡ.

ಮೊದಲು ಹಿರಿಯಣ್ಣ. ಗಿಬ್ಸನ್‌ನ ಫ್ಲೈಯಿಂಗ್ ವಿ 1958ರಲ್ಲಿ ಹೊರಬಂದಾಗ ಕೇಳುವವರಿರಲಿಲ್ಲ. ಮೊದಲ ಎರಡು ವರ್ಷದಲ್ಲಿ ಕಂಪನಿಯಿಂದ ಹೊರಟದ್ದು ನೂರಕ್ಕೂ ಕಡಿಮೆ. ಆಲ್ಬರ್ಟ್ ಕಿಂಗ್ ಅದರಲ್ಲಿ ಬ್ಲೂಸ್ ನುಡಿಸಿದ, ಆಮೇಲೆ ಮೈಕೆಲ್ ಶೆಂಕರ್, ಜೂಡಸ್ ಪ್ರೀಸ್ಟ್‌ನ ಕೆ.ಕೆ. ಡೌನಿಂಗ್ ಕೈಗೆ ಬಂದು ಅದು ಮೆಟಲ್ಲಿನದಾಯಿತು. ತಂತಿಯ ಉದ್ದ 24.75 ಇಂಚು, ಫ್ರೆಟ್ಟು 22. ಎಂಬತ್ತರ ದಶಕದ ಹೆವಿ ಮೆಟಲ್ಲನ್ನು ಸಾಮಾನ್ಯ ಶ್ರುತಿಯಲ್ಲಿ ನುಡಿಸುವವರಿಗೆ ಇದರ ದಪ್ಪ ನಾದ ಈಗಲೂ ಹಿತ. ತಂತಿಯನ್ನು ಎಳೆದು ಬಾಗಿಸಲು ಬೆರಳಿಗೆ ಸುಲಭ. ಆದರೆ ಶ್ರುತಿಯನ್ನು ಎರಡು ಮೆಟ್ಟಿಲು ಇಳಿಸಿ ನೋಡಿ. ದಪ್ಪ ತಂತಿ ಸಡಿಲಾಗಿ, ವೇಗದ ರಿಫ್ಫಿನಲ್ಲಿ ಒಂದು ಹೊಡೆತ ಇನ್ನೊಂದರೊಳಗೆ ಕಲಸಿಹೋಗುತ್ತದೆ.

ಜ್ಯಾಕ್ಸನ್ ಕಂಪನಿಯ ರೋಡ್ಸ್, ಕಿಂಗ್ ವಿ ಗಿಟಾರುಗಳು ಇಲ್ಲೇ ಬೇರೆಯಾಗುತ್ತವೆ. ಅವುಗಳ ತಂತಿ 25.5 ಇಂಚು. ಮುಕ್ಕಾಲು ಇಂಚಿನಲ್ಲೇನಿದೆ ಎನ್ನಬೇಡಿ: ಅದೇ ತಂತಿಯನ್ನು ಅದೇ ಶ್ರುತಿಗೆ ತಂದರೆ ಬಿಗಿ ಸುಮಾರು ಶೇ 6ರಷ್ಟು ಹೆಚ್ಚುತ್ತದೆ. ಕೆಳಶ್ರುತಿಯ ಥ್ರ್ಯಾಶ್ ನುಡಿಸುವವರಿಗೆ ಇಷ್ಟು ಸಾಕು.

ರೋಡ್ಸ್ ಹುಟ್ಟಿದ ಕತೆ ಈ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಓಜಿ ಆಸ್ಬರ್ನ್‌ನ ಗಿಟಾರು ವಾದಕ ರ್‍ಯಾಂಡಿ ರೋಡ್ಸ್ ತಾನೇ ಗೀಚಿದ ಚಿತ್ರ ಹಿಡಿದು ಗ್ರೋವರ್ ಜ್ಯಾಕ್ಸನ್ ಬಳಿ ಹೋದ. ಮೊದಲು ತಯಾರಾದ ಬಿಳಿ ಗಿಟಾರನ್ನು ಜನ ಫ್ಲೈಯಿಂಗ್ ವಿ ಎಂದೇ ತಿಳಿಯುತ್ತಿದ್ದಾರೆ ಎಂದು ಅವನಿಗೆ ಕಸಿವಿಸಿ. ಹಾಗಾಗಿ ಎರಡನೆಯದರಲ್ಲಿ ಒಂದು ರೆಕ್ಕೆ ಇನ್ನೂ ಉದ್ದವಾಯಿತು, ಇನ್ನೊಂದು ಗಿಡ್ಡವಾಯಿತು. 1982ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ಆತ ತೀರಿಕೊಂಡ. ಗಿಟಾರು ಅವನ ಹೆಸರಿನಲ್ಲಿ ಉಳಿಯಿತು. ನೋಡಲು ಮೂರರಲ್ಲಿ ಇದೇ ಚೆಂದ, ಅನುಮಾನವಿಲ್ಲ. ಕೂತು ನುಡಿಸುವಾಗ ಮಾತ್ರ ಕಿಂಗ್ ವಿ ಮೇಲು.

‘ವಿ’ ಗಿಟಾರನ್ನು ಕೂತು ನುಡಿಸಲಾಗದು ಎನ್ನುವ ದೂರು ಎಲ್ಲೆಡೆ ಇದೆ. ಅದನ್ನು ಮಾಮೂಲಿ ಗಿಟಾರಿನಂತೆ ತೊಡೆಯ ಮೇಲೆ ಇಟ್ಟುಕೊಂಡವರ ದೂರು ಅದು, ಜಾರದೆ ಏನಾದೀತು? ಕೆಳಗಿನ ರೆಕ್ಕೆಯನ್ನು ಎರಡು ತೊಡೆಗಳ ನಡುವೆ ಇಳಿಸಿ, ಕವಲನ್ನು ಬಲತೊಡೆಯ ಮೇಲೆ ಕೂರಿಸಬೇಕು. ಆಗ ನೆಕ್ ಓರೆಯಾಗಿ ಮೇಲೇಳುತ್ತದೆ, ಎಡಗೈ ಮಣಿಕಟ್ಟು ನೆಟ್ಟಗಾಗುತ್ತದೆ, ಕೊನೆಯ ಫ್ರೆಟ್ಟಿನ ತನಕ ಬೆರಳಿಗೆ ತಡೆಯಿಲ್ಲ. ಕಿಂಗ್ ವಿಯ ರೆಕ್ಕೆಗಳು ಎರಡೂ ಸಮ ಉದ್ದವಾದ್ದರಿಂದ ಹಿಡಿತ ಗಟ್ಟಿ. ರೋಡ್ಸ್‌ನ ಕೆಳರೆಕ್ಕೆ ಗಿಡ್ಡ, ಹಿಡಿತ ಸ್ವಲ್ಪ ಸಡಿಲ. ಗಣಿಯವರು ಕಟ್ಟಿಸಿದ ಲೈನ್ ಮನೆಗಳಲ್ಲಿ ಇರುವವರು ಅಭ್ಯಾಸ ಮಾಡುವುದು ಮಂಚದ ಅಂಚಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಅವರಿಗೆ ಇದು ಸಣ್ಣ ವಿಷಯವಲ್ಲ.

ಬ್ರಿಡ್ಜ್ ವಿಷಯದಲ್ಲಿ ನಾನು ಹಟಮಾರಿ. ಮೊದಲ ಗಿಟಾರಿಗೆ ಫ್ಲಾಯ್ಡ್ ರೋಸ್ ಎಂಬ ಸನ್ನೆಯ ಬ್ರಿಡ್ಜ್ ಬೇಡವೇ ಬೇಡ. ಸನ್ನೆ ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸುವ ಮಜಾ ನಿಜ, ಆದರೆ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಅದರ ಲೋಹ ಮೆದು. ಅಂಚು ಸವೆದಷ್ಟೂ ಶ್ರುತಿ ನಿಲ್ಲದು. ತೇಲುವ ಬ್ರಿಡ್ಜ್ ಆದ್ದರಿಂದ ಒಂದು ತಂತಿ ಹರಿದರೆ ಮಿಕ್ಕ ಐದೂ ಕೆಡುತ್ತವೆ. ಶ್ರುತಿ ಇಳಿಸಬೇಕೆಂದರೆ ಹಿಂಬದಿಯ ಸ್ಪ್ರಿಂಗಿನಿಂದ ಶುರುಮಾಡಬೇಕು. ಇದನ್ನು ಸರಿಮಾಡಿಸಲು ಪ್ರತಿ ಸಲ ಬೆಂಗಳೂರಿನ ರೈಲು ಹತ್ತುವುದು ಯಾರಿಗೆ ಬೇಕು? ಜ್ಯಾಕ್ಸನ್‌ನ ಅಗ್ಗದ ಸಾಲಾದ ಜೆಎಸ್‌ನಲ್ಲಿ ಜೆಎಸ್32 ಎಂದರೆ ಫ್ಲಾಯ್ಡ್ ರೋಸ್ ಬಗೆಯ ಬ್ರಿಡ್ಜ್, ಜೆಎಸ್32ಟಿ ಎಂದರೆ ಅಲುಗದ ಬ್ರಿಡ್ಜ್. ಕೊನೆಯ ‘ಟಿ’ ನೋಡಿ ಕೊಳ್ಳಿ. ಅಂದಹಾಗೆ, ಈ ಸಾಲಿನ ಗಿಟಾರುಗಳು ಒಂದು ಕಾಲಕ್ಕೆ ಭಾರತದಲ್ಲೂ ತಯಾರಾಗುತ್ತಿದ್ದವು. ಸೆಕೆಂಡ್‌ಹ್ಯಾಂಡಿನಲ್ಲಿ ಅಂಥದ್ದು ಸಿಕ್ಕರೆ ಮೂಗು ಮುರಿಯಬೇಡಿ.

ನನ್ನ ಮಾತಿಗೆ ಸಾಕ್ಷಿ ಮೆಗಾಡೆತ್‌ನ ಡೇವ್ ಮಸ್ಟೇನ್. ಜ್ಯಾಕ್ಸನ್, ಇಎಸ್‌ಪಿ, ಡೀನ್, ಈಗ ಗಿಬ್ಸನ್ ಎಂದು ನಾಲ್ಕು ಕಂಪನಿ ಸುತ್ತಿದವನು. ಬೋರ್ಡು ಬದಲಾದರೂ ಅಳತೆ ಬಿಟ್ಟುಕೊಡಲಿಲ್ಲ: 25.5 ಇಂಚು, 24 ಫ್ರೆಟ್ಟು, ಅಲುಗದ ಬ್ರಿಡ್ಜ್. 24.75 ಇಂಚಿನ ಮನೆತನದ ಗಿಬ್ಸನ್ ಕೂಡ ಅವನಿಗಾಗಿ ಫ್ಲೈಯಿಂಗ್ ವಿಯನ್ನು 25.5ಕ್ಕೆ ಹಿಗ್ಗಿಸಿತು. ಇನ್ನು ಹೆಸರಿನ ವ್ಯಾಮೋಹ ಬಿಡದವರಿಗೆ ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಇದ್ದಾನೆ. 1983ರ ‘ಕಿಲ್ ಎಮ್ ಆಲ್’ ಕಾಲದಲ್ಲಿ ಅವನ ಕೈಯಲ್ಲಿದ್ದ ಬಿಳಿ ವಿ, ಎಲೆಕ್ಟ್ರಾ ಎಂಬ ಜಪಾನಿ ನಕಲು.

ಹೀಗಾಗಿ ನನ್ನ ಮತ ಅಲುಗದ ಬ್ರಿಡ್ಜಿನ ಕಿಂಗ್ ವಿಗೆ. ಇನ್ನಷ್ಟು ದುಡ್ಡಿದ್ದರೆ ಇಎಸ್‌ಪಿಯ ಎಲ್‌ಟಿಡಿ ಆ್ಯರೋ ನೋಡಬಹುದು, ಅದೂ 25.5 ಇಂಚಿನದೇ. ಹಳೆಯ ಮೆಟಲ್ಲೇ ಉಸಿರು ಎನ್ನುವವರು ಗಿಬ್ಸನ್‌ನದೇ ಬ್ರ್ಯಾಂಡಾದ ಎಪಿಫೋನ್‌ನ ಫ್ಲೈಯಿಂಗ್ ವಿ ತಗೊಳ್ಳಲಿ, ನಷ್ಟವಿಲ್ಲ. ಆದರೆ ಯಾವುದಾದರೂ ಸರಿ, ಹಳೆಯದು ಕೊಳ್ಳುವಾಗ ನಟ್ಟಿನ ಹಿಂಬದಿ, ಹೆಡ್‌ಸ್ಟಾಕ್ ಬಾಗುವ ಜಾಗದಲ್ಲಿ ಉಗುರು ಎಳೆದು ನೋಡಿ. ಬಣ್ಣದಡಿ ಕೂದಲೆಳೆಯಷ್ಟು ಗೀರು ತಾಗಿದರೆ ಅದು ಮುರಿದು ಅಂಟಿಸಿದ ನೆಕ್ ಇರಬಹುದು. ಗಿಬ್ಸನ್ ಮಾದರಿಯ ಮಹಾಗನಿ ನೆಕ್ಕುಗಳು ಮುರಿಯುವುದು ಹೆಚ್ಚಾಗಿ ಅಲ್ಲೇ. ಆಮೇಲೆ ರೆಕ್ಕೆಗಳ ತುದಿ ನೋಡಿ. ಚೂರು ಬಣ್ಣ ಹಾರಿದ್ದರೆ ಚೌಕಾಸಿಗೆ ಬಂತು, ಮರ ಸೀಳಿದ್ದರೆ ಬಿಟ್ಟುಬಿಡಿ.

ಬ್ಯಾಗನ್ನೂ ಅದೇ ದಿನ ಕೊಳ್ಳಿ. ಮಾಮೂಲಿ ಗಿಟಾರಿನ ಬ್ಯಾಗಿಗೆ ಇದು ಹಿಡಿಯುವುದಿಲ್ಲ. ವಿ ಆಕಾರದ ಪೆಟ್ಟಿಗೆ ಗಟ್ಟಿಮುಟ್ಟು, ಆದರೆ ಬೆಂಗಳೂರಿನಿಂದ ಬರುವ ಸಂಜೆಯ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆ ದಾಟುವ ತನಕ ಅದನ್ನು ಇಳಿಸಲು ಜಾಗ ಸಿಗುವುದು ಕಷ್ಟ. ಬೆನ್ನಿಗೆ ಹಾಕುವ, ದಪ್ಪ ಸ್ಪಂಜಿನ ಬ್ಯಾಗೇ ವಾಸಿ. ರೆಕ್ಕೆಯ ತುದಿಗಳಿಗೆ ಒಳಗಡೆ ಹಳೆ ಟವೆಲ್ ಸುತ್ತಿಡಿ.