ಇನ್‌ಕಾರ್ಸರಾನ್: ಒಂದು ಸೆರೆಮನೆಯ ಪಾತ್ರತ್ವ

ಅಚೇತನವಸ್ತುವಿನಲ್ಲಿ ಚೇತನಧರ್ಮವನ್ನು ಆರೋಪಿಸುವುದು ಕವಿಗಳಿಗೆ ಹೊಸತಲ್ಲ. ಆದರೆ ಒಂದು ಸೆರೆಮನೆಗೆ ಕಣ್ಣು, ಮಾತು, ಕೋಪ, ಬಯಕೆಗಳನ್ನು ಕೊಟ್ಟು ಎರಡು ಕಾದಂಬರಿಗಳ ಉದ್ದಕ್ಕೂ ಅದನ್ನು ಪಾತ್ರವಾಗಿ ನಿರ್ವಹಿಸುವುದು ಸುಲಭಸಾಧ್ಯವಲ್ಲ. ವೇಲ್ಸಿನ ಲೇಖಕಿ ಕ್ಯಾಥರಿನ್ ಫಿಶರ್ ಅವರ ‘ಇನ್‌ಕಾರ್ಸರಾನ್’ (2007), ‘ಸಫೀಕ್’ (2008) ಎಂಬ ಕೃತಿಗಳು ಈ ಕಾರ್ಯವನ್ನು ಕೈಕೊಂಡಿವೆ. ತರುಣವಾಚಕರಿಗಾಗಿ ಬರೆದವೆಂಬ ಮಾತ್ರಕ್ಕೆ ಇವನ್ನು ಬದಿಗಿಡುವುದು ಯುಕ್ತವಲ್ಲ.

ಜೆರೆಮಿ ಬೆಂಥಮನು 1791ರಲ್ಲಿ ಪ್ರಕಟಿಸಿದ ಬಂದೀಗೃಹದ ಯೋಜನೆಯಲ್ಲಿ ನಡುಗೋಪುರದ ಕಾವಲುಗಾರನು ತಾನು ಕಾಣದೆ ಎಲ್ಲರನ್ನೂ ಕಾಣಬಲ್ಲನು. ಅವನು ಅಲ್ಲಿರಲಿ, ಇಲ್ಲದಿರಲಿ, ಬಂದಿಗಳು ಇದ್ದಾನೆಂದೇ ನಡೆದುಕೊಳ್ಳುವರು. ಫಿಶರ್ ಅವರ ಸೆರೆಮನೆಗೆ ಅಂತಹ ಗೋಪುರವೇ ಬೇಕಾಗಿಲ್ಲ. ಅದರ ಒಡಲೇ ಕೆಂಗಣ್ಣುಗಳನ್ನು ತೆರೆದು ನೋಡುತ್ತದೆ. ಸತ್ತವರ ದೇಹಗಳನ್ನೂ ಅದು ವ್ಯರ್ಥಗೊಳಿಸದೆ ಹೊಸ ಜೀವಿಗಳಿಗೆ ಉಪಯೋಗಿಸುತ್ತದೆ. ದ್ರವ್ಯವು ಸಾಲದೆ ಬಂದಲ್ಲಿ ಲೋಹವನ್ನು ಬೆರಸುತ್ತದೆ. ಕೈರೋ ಎಂಬ ಗರ್ವಿಷ್ಠ ತರುಣನು ತನ್ನ ಮೈಯಲ್ಲಿಯೂ ಆ ಲೋಹವುಂಟೆಂದು ತಿಳಿಯುವ ಭಾಗವು ಮೊದಲನೆಯ ಕೃತಿಯಲ್ಲಿ ಅತ್ಯಂತ ಶಕ್ತಿಯುತವಾದುದು. ಸೆರೆಯೊಳಗಿರುವವನು ಸೆರೆಯ ಅಂಶವೇ ಆಗಿರುವಾಗ ಬಿಡುಗಡೆಯೆಂಬ ಮಾತಿಗೆ ಅರ್ಥವೇನು? ಲೇಖಕಿಯು ಇಲ್ಲಿ ವ್ಯಾಖ್ಯಾನಕ್ಕೆ ತೊಡಗದಿರುವುದು ಔಚಿತ್ಯವರಿತ ನಡೆ.

ಈ ಸೆರೆಮನೆಯು ದೇಶಕಾಲಗಳನ್ನು ಮೀರುವ ಬಗೆಯೂ ಅಪೂರ್ವವಾಗಿದೆ. ಒಳಗಿನವರಿಗೆ ಅದು ಲೋಹದ ಕಾಡುಗಳೂ ಊರುಗಳೂ ಉಳ್ಳ ಅಪಾರ ಪ್ರಪಂಚ; ಹೊರಗಾದರೋ ಅದು ಅಧಿಪತಿಯ ಗಡಿಯಾರದ ಸರಪಳಿಯಲ್ಲಿ ತೂಗುವ ಸಣ್ಣ ಬೆಳ್ಳಿಯ ಘನ. ಅವನು ಹೋದಲ್ಲಿಗೆಲ್ಲ ಲಕ್ಷಾಂತರ ಮಂದಿಯ ಲೋಕವು ತಾನರಿಯದೆ ಪಯಣಿಸುತ್ತದೆ. ಕಾಲದ ವಿಷಯದಲ್ಲಿಯೂ ಇದೇ ವಿಪರ್ಯಾಸ. ಹೊರರಾಜ್ಯದಲ್ಲಿ ರಾಜಾಜ್ಞೆಯು ಬಹುಹಿಂದಿನ ಒಂದು ಯುಗದ ಉಡುಪು ನಡವಳಿಗಳನ್ನು ಕಡ್ಡಾಯಪಡಿಸಿ ಕಾಲವನ್ನೇ ನಿಲ್ಲಿಸಿದೆ. ಹೀಗೆ ರಾಜಪುತ್ರರೂ ಬಂದಿಗಳೇ ಸರಿ. ಕ್ಲಾಡಿಯಾಳ ವಿವಾಹಪ್ರಕರಣವು ಇದನ್ನು ಸಾಕಷ್ಟು ಕಾಣಿಸುತ್ತದೆ, ತುಸು ದೀರ್ಘವಾಗಿಯೇ ಎನ್ನಬೇಕು.

ದೋಷವಿರುವುದು ಸೆರೆಮನೆಯ ಮಾತಿನಲ್ಲಿ. ಮೌನವಾಗಿ ನೋಡುವಾಗ ಹುಟ್ಟುವ ಭಯಾನಕವು ಅದು ಬಾಯ್ದೆರೆದು ಹಂಗಿಸತೊಡಗಿದೊಡನೆ ಇಳಿಯುತ್ತದೆ. ಆಗ ಅದು ರಂಗಭೂಮಿಯ ಪರಿಚಿತ ಖಳನಂತೆ ಕೇಳುತ್ತದೆ. ಎರಡನೆಯ ಕೃತಿಯ ಕಲ್ಪನೆಯೊಂದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಜ್ಞಾನಿಗಳು ಸ್ವರ್ಗವೆಂದು ನಿರ್ಮಿಸಿದ ಈ ಸೆರೆಮನೆಗೆ ತನ್ನಿಂದ ತಾನೇ ಪಾರಾಗುವ ಹಂಬಲ ಹುಟ್ಟುತ್ತದೆ. ಅದು ತನಗೊಂದು ದೇಹವನ್ನು ರಚಿಸಿಕೊಂಡು ನಕ್ಷತ್ರಗಳನ್ನು ಕಾಣಬಯಸುತ್ತದೆ. ಆ ದೇಹಕ್ಕಾಗಿ ಶಕ್ತಿಯನ್ನೆಲ್ಲ ಹೀರಿಕೊಂಡರೆ ಒಳಗಿನವರು ಕತ್ತಲೆಯಲ್ಲಿ, ಚಳಿಯಲ್ಲಿ ಅಳಿಯಬೇಕಾದೀತು. ಅದರ ಬಯಕೆಯು ಬಂದಿಗಳ ಬಯಕೆಯೇ ಆಗಿರುವುದರಿಂದ ವಾಚಕನಿಗೆ ಅದನ್ನು ದ್ವೇಷಿಸುವುದು ಕಷ್ಟ. ಕ್ಷಮಿಸುವುದು ಇನ್ನೂ ಕಷ್ಟ.